ನೆಗಮಂ ಬೀದಿಯಿಂದ ಬಂದ ಮ್ಯಾನೇಜರ್

ನಮ್ಮ ಮ್ಯಾನೇಜರನ್ನು ಕಂಡುಹಿಡಿದವರು ಯಾರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನಾನೇ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ನಮ್ಮ ಸಂಸ್ಥೆಯ ಇನ್ನರ್ಧ ಪಾಲುದಾರಳು, ವಿನ್ಯಾಸದ ಕೈ ಇರುವವಳು, ತಾನೇ ಎನ್ನುತ್ತಾಳೆ. ಮ್ಯಾನೇಜರ್ ಅಕ್ಕನನ್ನೇ ಕೇಳಿದರೆ, "ನೀವಿಬ್ಬರೂ ಇಲ್ಲೀಂಗ, ನಮ್ಮ ಬೀದಿ ನಾಯಿ ದಾನ್. ಅದು ನಿಮ್ಮನ್ನ ನೋಡಿ ಬೊಗಳ್ದಿದ್ರೆ ನಾನ್ ಯಾಕೆ ತಿರುಗಿ ನೋಡ್ತಿದ್ದೆ?" ಎಂದು ತಮಿಳು ಬೆರೆಸಿ ನಗುತ್ತಾರೆ; ಅವರ 'ದಾನ್' ಎಂದರೆ ನಮ್ಮ 'ತಾನೇ'. ನಾಯಿಯ ನೆನಪು ನನಗಿಲ್ಲ. ಪಾಲುದಾರಳಿಗಿದೆ. ಕಪ್ಪು ನಾಯಿಯಂತೆ.

ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಓದಿದವನು. ಹೇಳುವವನಿಗೆ ಲಾಭವಿರುವ ಸಾಕ್ಷಿಯನ್ನು ಅರ್ಧಕ್ಕೆ ಇಳಿಸಿ ನೋಡಬೇಕು ಎಂದು ಅಲ್ಲಿ ಕಲಿತೆ. ಈ ಪ್ರಸಂಗದಲ್ಲಿ ಒಳ್ಳೆಯ ಹೆಸರೆಲ್ಲ ನನಗೇ ಬರುವಂತೆ ನನ್ನ ನೆನಪು ಜೋಡಿಸಿಕೊಂಡಿದೆ. ಆದ್ದರಿಂದ ಓದುವವರು ಅರ್ಧವನ್ನಷ್ಟೇ ನಂಬಿದರೆ ಸಾಕು. ಯಾವ ಅರ್ಧ ಎಂದು ಮಾತ್ರ ನನ್ನನ್ನು ಕೇಳಬೇಡಿ.

ನಮ್ಮದು ಸೀರೆಯ ಅಂಚು ಮತ್ತು ಸೆರಗಿನ ಜಕಾರ್ಡ್ ವಿನ್ಯಾಸ ಬರೆಯುವ ಸಣ್ಣ ಸಂಸ್ಥೆ. ತಮಿಳು ಸೀಮೆಯ ಕುರಿಚಿಯಲ್ಲಿ ಒಂದು ಲೇತ್ ಪಟ್ಟಡಿಯ ಮೇಲಿನ ಮೂರು ಕೋಣೆ. ಕೆಳಗೆ ಕಬ್ಬಿಣ ಕೊರೆಯುವಾಗ ಮೇಲೆ ನಮ್ಮ ಚಹಾದ ಲೋಟಗಳು ಮೇಜಿನ ಮೇಲೆ ನಡೆದಾಡುತ್ತವೆ. ಏಳು ಜನ ವಿನ್ಯಾಸಗಾರರು ಕಂಪ್ಯೂಟರಿನಲ್ಲಿ ಚೌಕಳಿ ತುಂಬುತ್ತಾ ಕೂತಿರುತ್ತಾರೆ. ಒಂದೊಂದು ಚೌಕವೂ ನೂಲು ಮೇಲೇಳಬೇಕೋ ಕೆಳಗಿರಬೇಕೋ ಎಂದು ಹೇಳುತ್ತದೆ. ಅದರಂತೆ ರಟ್ಟಿನ ಹಲಗೆಗಳಿಗೆ ತೂತು ಹೊಡೆದು, ಸರಣಿಯಾಗಿ ಹೊಲಿದು ಮಗ್ಗಕ್ಕೆ ಏರಿಸುತ್ತಾರೆ. ಆ ಸರಣಿಗೆ ನಮ್ಮ ಕಡೆ ಅಟ್ಟೆ ಎನ್ನುತ್ತಾರೆ. ನಮ್ಮ ತಾತಂದಿರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರು. ನಾವು ಕುರ್ಚಿಯಲ್ಲಿ ಕೂತೆವು. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ತಮಿಳು ಎಂಬ ರೂಢಿ ಮಾತ್ರ ಹಾಗೆಯೇ ಉಳಿಯಿತು.

ಮೊದಲ ಎರಡು ವರ್ಷ ಮ್ಯಾನೇಜರ್ ಕೆಲಸ ನನ್ನ ತಲೆಯ ಮೇಲಿತ್ತು, ಓದಿದವನು ಎಂಬ ಒಂದೇ ಕಾರಣಕ್ಕೆ. ನಾನು ಮಾಡಿದ್ದೇನೆಂದರೆ, ನೇಕಾರರು ಫೋನ್ ಮಾಡಿ "ಎಲ್ಲಿ ನಮ್ಮ ಡಿಸೈನ್?" ಎಂದು ಕೇಳಿದಾಗ ನಿಜ ಹೇಳುತ್ತಿದ್ದೆ. ನಿಜವೆಂದರೆ ಯಾರಿಗೂ ಗೊತ್ತಿಲ್ಲ ಎಂಬುದು. ಏಳು ಜನರೂ ತಮಗೆ ಇಷ್ಟವಾದ ಕೆಲಸವನ್ನು ಮೊದಲು ಮಾಡುತ್ತಿದ್ದರು. ಮಾವಿನಕಾಯಿ ಬುಟ್ಟಾ ಕೇಳಿದವನಿಗೆ ಆನೆ ಹೋಗುತ್ತಿತ್ತು, ಆನೆ ಕೇಳಿದವನಿಗೆ ಏನೂ ಹೋಗುತ್ತಿರಲಿಲ್ಲ.

ಕೊನೆಗೆ ಪಾಲುದಾರಳು, "ನೋಡು, ಒಂದೋ ಮ್ಯಾನೇಜರನ್ನ ಹುಡುಕು, ಇಲ್ಲಾಂದ್ರೆ ನೀನು ಫೋನ್ ಎತ್ತೋದನ್ನಾದ್ರೂ ನಿಲ್ಸು" ಎಂದಳು.

ಸಂದರ್ಶನ ನಡೆಸಿದೆವು. ಬಂದವರಲ್ಲಿ ಒಬ್ಬ ಹುಡುಗ ಒಳ್ಳೆಯ ಅಂಗಿ ಹಾಕಿದ್ದ. "ವಿನ್ಯಾಸಗಾರ ಹೇಳಿದ ದಿನ ಕೆಲಸ ಕೊಡದಿದ್ದರೆ ಏನು ಮಾಡ್ತೀರಿ?" ಎಂದು ಕೇಳಿದರೆ ಇಪ್ಪತ್ತು ನಿಮಿಷ ಉತ್ತರಿಸಿದ. ಆ ಇಪ್ಪತ್ತು ನಿಮಿಷದಲ್ಲಿ ಪಾಲುದಾರಳು ತನ್ನ ಪುಸ್ತಕದಲ್ಲಿ ಅವನ ಅಂಗಿಯ ಗೆರೆಗಳನ್ನು ಒಂದೂ ಬಿಡದೆ ಬರೆದುಕೊಂಡಳು. ಇನ್ನೊಬ್ಬನನ್ನು ನೇಮಿಸಿಯೇಬಿಟ್ಟೆವು. ಅವನು ಗೋಡೆಗೆ ದೊಡ್ಡ ಫಲಕ ತೂಗುಹಾಕಿ, ಆಗಬೇಕಾದ ಕೆಲಸಕ್ಕೆ ಕೆಂಪು ಚೀಟಿ, ನಡೆಯುತ್ತಿರುವುದಕ್ಕೆ ಹಳದಿ, ಮುಗಿದದ್ದಕ್ಕೆ ಹಸಿರು ಎಂದ. ವಿನ್ಯಾಸಗಾರರು ಒಂದು ಇಡೀ ದಿನ ಆ ಹಳದಿ ಯಾವ ಹಳದಿ ಎಂದು ಜಗಳವಾಡಿದರು. ಅರಿಶಿನವೋ, ನಿಂಬೆಯೋ, ಚೆಂಡುಹೂವೋ? ಅವನು ಮೂರನೆಯ ವಾರ ತಾನಾಗಿಯೇ ಹೋದ. ಹೋಗುವಾಗ ನನ್ನ ಕೈಕುಲುಕಿ, "ಸರ್, ದೇವರು ನಿಮ್ಮನ್ನು ಕಾಪಾಡಲಿ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗೆ ಅನ್ನಲಿಲ್ಲ, ಸುಮ್ಮನೆ ಹೋದ ಎಂದು ಪಾಲುದಾರಳು ಹೇಳುತ್ತಾಳೆ.

ಅದಾದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ನೆಗಮಂಗೆ ಹೋದೆವು, ಮಗ್ಗಕ್ಕೆ ಏರಿದ ನಮ್ಮ ಒಂದು ಅಂಚನ್ನು ನೋಡಲು. ಹತ್ತಿ ಸೀರೆಯ ಊರು. ನಾವು ಹೋದಾಗ ಬೀದಿಯ ಉದ್ದಕ್ಕೂ ಹಾಸುನೂಲನ್ನು ಎಳೆದು ಕಟ್ಟಿದ್ದರು. ಪಾವು ಎನ್ನುತ್ತಾರೆ ಅದಕ್ಕೆ. ಆ ನೂಲಿಗೆ ಗಂಜಿ ಹಚ್ಚಿ, ಉದ್ದನೆಯ ಕುಂಚದಿಂದ ಎಳೆದೆಳೆದು ಸವರಿ, ಬಿಸಿಲು ಗಟ್ಟಿಯಾಗುವ ಮೊದಲೇ ಒಣಗಿಸಿ ಸುತ್ತಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಪಾವಿಗೆ ನಾವು, ನಾಳೆ ನಮ್ಮ ಪಾವಿಗೆ ನೀವು. ಪ್ರತಿ ಮನೆಗೂ ಆ ಸಾಲಿನಲ್ಲಿ ಒಂದು ಜಾಗವಿದೆ. ಅತ್ತೆ ನಿಂತ ಜಾಗಕ್ಕೆ ಸೊಸೆ ಬರುತ್ತಾಳೆ. ಜಾಗ ಬಿಟ್ಟರೆ ಮುಂದೆ ನಿಮ್ಮ ಮನೆಯ ಪಾವಿಗೆ ಕರೆಯಲು ನಿಮಗೆ ಬಾಯಿಲ್ಲ.

ಆ ದಿನ ಹದಿನಾಲ್ಕು ಜನ ಇದ್ದರು. ಎಣಿಸಿದ್ದೆ ಎಂದುಕೊಂಡಿದ್ದೇನೆ. ನಡುವೆ ಸುಮಾರು ನಲವತ್ತರ ಒಬ್ಬ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದರು. ದನಿ ಏರಿಸಲಿಲ್ಲ. ಒಬ್ಬ ಮುದುಕನ ಕೈಯಿಂದ ಕುಂಚ ತೆಗೆದುಕೊಂಡು, "ಮಾಮಾ, ನೀವು ಮೋಡ ನೋಡ್ಕೊಂಡಿರಿ, ನಿಮ್ಮಷ್ಟು ಮೋಡ ಯಾರಿಗ್ ಗೊತ್ತು?" ಎಂದರು. ಆತ ಗಂಭೀರವಾಗಿ ಕಟ್ಟೆಯ ಮೇಲೆ ಕೂತು ಆಕಾಶ ನೋಡತೊಡಗಿದ. ಕುಂಚ ಒಬ್ಬ ಗಟ್ಟಿ ಸೊಸೆಯ ಕೈಗೆ ಹೋಯಿತು.

ಇಬ್ಬರು ಹೆಂಗಸರು ಪಾವಿನ ಆಚೀಚೆ ಎದುರುಬದುರಾಗಿ ನಿಂತು, ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದರು. "ಅವರಿಬ್ಬರೂ ಓರಗಿತ್ತಿಯರು, ಪೊಂಗಲ್‌ನಿಂದ ಮಾತಿಲ್ಲ" ಎಂದು ಯಾರೋ ಪಿಸುಗುಟ್ಟಿದರು.

"ಹಾಗಾದರೆ ಎದುರುಬದುರು ಯಾಕೆ ನಿಲ್ಲಿಸಿದಿರಿ?" ಎಂದು ಆ ಹೆಂಗಸನ್ನು ಕೇಳಿದೆ.

"ದೂರ ನಿಲ್ಸಿದ್ರೆ ಬೇರೆಯವ್ರ ಹತ್ರ ಮಾತಾಡ್ತಾರೆ, ಇವಳ ಕತೆ ಅವಳು, ಅವಳ ಕತೆ ಇವಳು. ಎದುರಿಗೆ ನಿಲ್ಸಿದ್ರೆ ನೂಲು ಕಿತ್ತಾಗ ಒಬ್ಬಳು ತುದಿ ಕೊಡ್ಬೇಕು, ಒಬ್ಬಳು ಗಂಟು ಹಾಕ್ಬೇಕು. ಎಷ್ಟು ಹೊತ್ತು ಬಾಯಿ ಮುಚ್ಕೊಂಡಿರ್ತಾರೆ?"

ಅಷ್ಟರಲ್ಲಿ ಒಬ್ಬಳು, "ತುದಿ ಸರಿಯಾಗಿ ಕೊಡು" ಎಂದಳು. ಇನ್ನೊಬ್ಬಳು, "ಕಣ್ಣು ಸರಿಯಾಗಿ ಬಿಡು" ಎಂದಳು. ಬೀದಿಯೆಲ್ಲ ನಕ್ಕಿತು. ಅವರೂ ನಕ್ಕರೋ ಇಲ್ಲವೋ ನೆನಪಿಲ್ಲ.

ಆಗ ನಮ್ಮಿಬ್ಬರಲ್ಲಿ ಒಬ್ಬರು ಇನ್ನೊಬ್ಬರ ಮೊಣಕೈ ತಿವಿದು "ಇವರೇ" ಎಂದದ್ದಾಯಿತು. ನಾನು ತಿವಿದೆ ಎಂಬುದು ನನ್ನ ನೆನಪು. ತಿವಿಸಿಕೊಂಡೆ ಎಂಬುದು ಪಾಲುದಾರಳದು.

ನಾನು ನನ್ನ ಪುಸ್ತಕದ ಕನ್ನಡದಲ್ಲಿ, "ತಾವು ನಮ್ಮ ಸಂಸ್ಥೆಯ ನಿರ್ವಹಣೆಯ ಜವಾಬ್ದಾರಿ ವಹಿಸಿಕೊಳ್ಳಬಹುದೇ?" ಎಂದು ಕೇಳಿದೆ.

ಅವರು ಪಾಲುದಾರಳ ಕಡೆ ತಿರುಗಿ, "ಈ ಅಣ್ಣ ಏನು ಹೇಳ್ತಾ ಇರೋದು?" ಎಂದರು.

"ಮ್ಯಾನೇಜರ್ ಆಗಿ ಬರ್ತೀರಾಂತ ಕೇಳ್ತಾನೆ ಅಕ್ಕಾ."

"ಬೆಳಗ್ಗೇನೇ ವೆಳೆಯಾಟವಾ, ತಮಾಷೆಯಾ? ಒಸಿ ಈ ತುದಿ ಹಿಡೀರಿ ಸಾರ್, ಆಮೇಲೆ ಮಾತಾಡೋಣ."

ಹಿಡಿದೆ. ಎರಡು ನಿಮಿಷದಲ್ಲಿ ನನ್ನ ಕಡೆಯ ಪಾವು ಒದ್ದೆ ಬಟ್ಟೆಯಂತೆ ಜೋತುಬಿತ್ತು. "ಸಾರ್ ತಲೆ ಓದಿದೆ, ಕೈ ಇಸ್ಕೂಲಿಗೇ ಹೋಗಿಲ್ಲ" ಎಂದು ಕಟ್ಟೆಯ ಮೇಲಿನ ಮುದುಕ ಮೋಡ ಬಿಟ್ಟು ನನ್ನನ್ನು ನೋಡಿದ.

ಅಕ್ಕ ಒಂದು ವಾರದ ಮೇಲೆ ಫೋನ್ ಮಾಡಿದರು. ಗಂಡನ ಮಗ್ಗ ನಡೆಯುತ್ತಿತ್ತು, ಮಗಳು ಕಾಲೇಜಿಗೆ ಸೇರಿದ್ದಳು, ಕಿಣತ್ತುಕ್ಕಡವಿನ ದಾರಿಯಾಗಿ ಕುರಿಚಿಗೆ ಬಸ್ಸಿತ್ತು. ತೊಂದರೆ ಒಂದೇ, ಪಾವಿನ ಸಾಲಿನ ಜಾಗ. ದಿನಾ ಕುರಿಚಿಗೆ ಬಂದರೆ ಬೆಳಗಿನ ಪಾವಿಗೆ ನಿಲ್ಲಲಾಗದು. "ಮೂರು ತಿಂಗಳಿಗೆ ಪಕ್ಕದ ಮನೆಯವಳನ್ನ ನಿಲ್ಸಿದ್ದೀನಿ. ಅದ್ಕಿಂತ ಹೆಚ್ಚು ಬೀದಿ ಒಪ್ಪಲ್ಲ. ಮೂರು ತಿಂಗಳೊಳಗೆ ನೀವು ಬೇಕು ಅನ್ಬೇಕು, ಇಲ್ಲ ಬೇಡ ಅನ್ಬೇಕು. ಆಮೇಲೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂತ ಆಗ್ಬಾರ್ದು." ನಾವು ಒಪ್ಪಿದೆವು. ಪರೀಕ್ಷೆ ಮೂರು ತಿಂಗಳು. ಕೊನೆಯ ಸೋಮವಾರ ನಾವು ಉತ್ತರ ಹೇಳಬೇಕು.

ಇನ್ನು ಅವರನ್ನು ಬೆಳೆಸುವ ಕೆಲಸ. ಅದನ್ನು ನಾನು ಬಹಳ ಉತ್ಸಾಹದಿಂದ ಕೈಗೆತ್ತಿಕೊಂಡೆ. ರಾತ್ರಿ ಹಗಲು ಎನ್ನದೆ ನಲವತ್ತು ಪುಟದ ಕೈಪಿಡಿ ಬರೆದೆ, ಹನ್ನೆರಡು ಅಧ್ಯಾಯ, ಮನೆಮಾತಿನವರಿಗೆ ಮನೆಮಾತಿನಲ್ಲೇ ಇರಲಿ ಎಂದು ಕನ್ನಡದಲ್ಲಿ. ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮನೆಗೆ ಒಯ್ದರು. ಒಂದು ವಾರ ಬಿಟ್ಟು ತಂದುಕೊಟ್ಟರು.

"ಹೇಗಿದೆ?" ಎಂದೆ.

"ಅಕ್ಷರ ತುಂಬಾ ಅಳಗಾಗಿದೆ ಸಾರ್. ಮುತ್ತು ಪೋಣಿಸಿದ ಹಾಗೆ."

"ವಿಷಯ?"

"ಅದು ಗೊತ್ತಿಲ್ಲೀಂಗ. ನನಗೆ ತಮಿಳು ದಾನ್ ಓದೋಕ್ ಬರೋದು. ನಮ್ಮ ಬೀದೀಲಿ ಯಾರಿಗೂ ಕನ್ನಡ ಅಕ್ಷರ ಬರಲ್ಲ. ಎಲ್ಲಾರೂ ನೋಡಿ ಸಂತೋಷಪಟ್ರು."

ನನ್ನ ಸ್ವಂತ ತಾಯಿಗೇ ಕನ್ನಡ ಅಕ್ಷರ ಬಾರದು. ಆದರೂ ಅದು ನನಗೆ ಹೊಳೆದಿರಲಿಲ್ಲ. ಪಾಲುದಾರಳು ಬಾಗಿಲಾಚೆ ಹೋಗಿ ನಕ್ಕು ಒಳಗೆ ಬಂದಳು, ಮತ್ತೆ ಹೊರಗೆ ಹೋದಳು.

ಆಮೇಲೆ ನಾನು ಗಟ್ಟಿಯಾಗಿ ಓದುವುದು, ಅವರು ಕೇಳುವುದು ಎಂದಾಯಿತು. ಮೂರನೆಯ ಅಧ್ಯಾಯದಲ್ಲಿ ಅವರು ಕೈ ಎತ್ತಿದರು. "ಸಾರ್, ಯಾರು ಯಾರ ಪಕ್ಕ ಕೂರ್ಬೇಕು ಅಂತ ಇದ್ರಲ್ಲಿ ಎಲ್ಲಿ ಬರುತ್ತೆ?" ಎಲ್ಲೂ ಬರುತ್ತಿರಲಿಲ್ಲ. ಕೈಪಿಡಿ ಅಲ್ಲಿಗೇ ಮುಗಿಯಿತು. ಮರುದಿನ ಬಂದಾಗ ಮೇಜುಗಳೆಲ್ಲ ಜಾಗ ಬದಲಿಸಿದ್ದವು. ಬೇಗ ಮುಗಿಸಿ ತಪ್ಪು ಮಾಡುವವನೂ, ತಪ್ಪಿಲ್ಲದೆ ಎಂದೂ ಮುಗಿಸದವಳೂ ಅಕ್ಕಪಕ್ಕ ಕೂತಿದ್ದರು.

ಕಂಪ್ಯೂಟರ್ ಅವರು ನನ್ನಿಂದ ಕಲಿಯಲಿಲ್ಲ. ಏಳು ಜನರ ಹತ್ತಿರವೂ ಒಂದೊಂದು ವಿಷಯ ಕಲಿತರು. ಒಬ್ಬನ ಹತ್ತಿರ ಕಡತ ತೆರೆಯುವುದು, ಒಬ್ಬಳ ಹತ್ತಿರ ಚಿತ್ರ ಕಳಿಸುವುದು. ಹಾಗಾಗಿ ಪ್ರತಿಯೊಬ್ಬರಿಗೂ ತಾನೇ ಅವರ ಗುರು ಎಂಬ ಹೆಮ್ಮೆ. ಶಿಷ್ಯೆ ಬಂದು "ನಾಳೆ ಕೊಡ್ತೀರಲ್ಲ ಗುರುವೇ?" ಎಂದು ಕೇಳಿದರೆ ಯಾವ ಗುರು ಇಲ್ಲ ಎಂದಾನು? ಎರಡನೆಯ ತಿಂಗಳಲ್ಲಿ ನೇಕಾರರ ಫೋನ್ ಕಡಿಮೆಯಾದವು. ನನಗೆ ಮಾಡಲು ಕೆಲಸವಿಲ್ಲದೆ ಕೋಣೆಯಿಂದ ಕೋಣೆಗೆ ಓಡಾಡತೊಡಗಿದೆ. "ಸಾರ್, ಕೆಳಗೆ ಲೇತ್ ನೋಡ್ಕೊಂಡ್ ಬನ್ನಿ, ಚೆನ್ನಾಗಿರುತ್ತೆ" ಎಂದು ಅಕ್ಕ ನನ್ನನ್ನು ಕಳಿಸಿಬಿಡುತ್ತಿದ್ದರು. ಹೋಗುತ್ತಿದ್ದೆ. ಚೆನ್ನಾಗಿಯೇ ಇರುತ್ತಿತ್ತು.

ಪರೀಕ್ಷೆಯ ಕೊನೆಯ ಸೋಮವಾರಕ್ಕೆ ಇನ್ನು ನಾಲ್ಕು ದಿನ ಇರುವಾಗ, ಗುರುವಾರ, ನವಿಲಿನ ಪ್ರಸಂಗ ನಡೆಯಿತು. ಅವಿನಾಶಿಯ ಹತ್ತಿರ ಒಬ್ಬ ವಿದ್ಯುತ್ ಮಗ್ಗದ ಮಾಲೀಕರಿಗೆ ಅಂಚಿನ ತುಂಬ ನವಿಲು ನಡೆದು ಹೋಗುವ ವಿನ್ಯಾಸ ಕಳಿಸಿದ್ದೆವು. ಅಟ್ಟೆ ಕಟ್ಟಿ ನಾಲ್ಕು ಮಗ್ಗಕ್ಕೆ ಏರಿಸಿ, ಬೆಳಿಗ್ಗೆ ಅವರು ಮೊದಲ ಮೊಳದ ಚಿತ್ರವನ್ನು ಫೋನಿಗೆ ಕಳಿಸಿದರು. ನಾವೆಲ್ಲ ಸುತ್ತ ನಿಂತು ಹೊಗಳಿದೆವು. ಗರಿ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ.

ಅಕ್ಕ ಒಬ್ಬರೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ, "ನವಿಲು ತಿರುಗಿ ನಿಂತಿದೆ. ತಪ್ಪು ನಂದು ದಾನ್" ಎಂದರು.

ನಮಗೆ ಅರ್ಥವಾಗಲು ಹೊತ್ತು ಹಿಡಿಯಿತು. ನೆಗಮಂನ ಅವರ ಬೀದಿಯಲ್ಲಿ ಸೀರೆಯನ್ನು ಒಳತುದಿಯಿಂದ, ಅಂದರೆ ಸೊಂಟಕ್ಕೆ ಸಿಕ್ಕಿಸುವ ಕಡೆಯಿಂದ ನೇಯಲು ಹಿಡಿಯುತ್ತಾರೆ, ಸೆರಗು ಕೊನೆಗೆ. ಆ ಅವಿನಾಶಿಯ ಪಟ್ಟಡಿಯಲ್ಲಿ ಸೆರಗು ಮೊದಲು. ಯಾವ ತುದಿ ಮೊದಲು ಎಂಬುದಕ್ಕೆ ತಕ್ಕಂತೆ ಅಟ್ಟೆಯ ಸಾಲು ಶುರುವಾಗಬೇಕು. ಅಕ್ಕ ಮಾಲೀಕರನ್ನು ಎಲ್ಲ ಕೇಳಿದ್ದರು, ಬಣ್ಣ, ಅಗಲ, ನೂಲಿನ ಸಂಖ್ಯೆ. ಅದೊಂದನ್ನು ಕೇಳಿರಲಿಲ್ಲ. ಮೆಟ್ಟಿಲನ್ನು ಕೆಳಗಿಂದ ಹತ್ತುತ್ತೀರೋ ಎಂದು ಯಾರನ್ನಾದರೂ ಕೇಳುತ್ತೇವೆಯೇ? ಅಕ್ಕನ ಲೋಕದಲ್ಲಿ ಸೀರೆ ಶುರುವಾಗುವುದೇ ಹಾಗೆ. ಪರಿಣಾಮವಾಗಿ, ಉಟ್ಟಾಗ ಭುಜದ ಕಡೆ ಹತ್ತಬೇಕಾದ ನವಿಲುಗಳೆಲ್ಲ ಭುಜದಿಂದ ಇಳಿದು ಹೊರಟಿದ್ದವು.

ಅಕ್ಕ ನಮ್ಮೆದುರಿಗೇ ಮಾಲೀಕರಿಗೆ ಫೋನ್ ಮಾಡಿದರು. "ಮಾಮಾ, ಮಗ್ಗ ನಿಲ್ಸೀಂಗ. ನವಿಲು ಕೋಪ ಮಾಡ್ಕೊಂಡು ತವರಿಗೆ ಹೊರಟಿದೆ. ನಾನ್ ದಾನ್ ತಪ್ಪು ಮಾಡಿದ್ದು. ಈಗ್ಲೇ ಬರ್ತೀನಿ." ಆ ಕಡೆಯಿಂದ ಕೇಳಿದ ದನಿ ಹಿತವಾಗಿರಲಿಲ್ಲ. ಅವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಪೂರ್ತಿ ಕೇಳಿಸಿಕೊಂಡರು. ಚೀಲ ತೆಗೆದುಕೊಳ್ಳುತ್ತಾ, "ಸೋಮವಾರ ಪಾವಿಗೆ ಬರ್ತೀನಿ ಅಂತ ಬೀದಿಗೆ ಹೇಳ್ಬಿಡ್ಲಾ ಸಾರ್?" ಎಂದು ಕೇಳಿದರು. ನಾನು ಏನು ಉತ್ತರಿಸಿದೆನೋ ನೆನಪಿಲ್ಲ. ಫೋನಿನ ನವಿಲನ್ನೇ ನೋಡುತ್ತಿದ್ದಿರಿ ಎಂದು ಅಕ್ಕ ಹೇಳುತ್ತಾರೆ.

ಅವಿನಾಶಿಯಲ್ಲಿ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಬಣ್ಣದ ಪಟ್ಟಡಿ, ಮಾಲೀಕರ ಬಿಳಿ ಮೀಸೆ, ನಿಂತ ಮಗ್ಗಗಳ ಮೌನ. ಅಕ್ಕ ಬಟ್ಟೆಯನ್ನು ಮುಟ್ಟಿ ನೋಡಿ, ಎಲ್ಲ ನಾಲ್ಕರಲ್ಲೂ ಸೆರಗಿನಿಂದಾಚೆ ಎರಡು ಮೊಳಕ್ಕಿಂತ ಹೆಚ್ಚು ನೇಯ್ದಿಲ್ಲ ಎಂದು ಲೆಕ್ಕ ಹಾಕಿದರು. ಇಲ್ಲಿಂದ ಮುಂದೆ ಅಟ್ಟೆಯನ್ನು ಹಿಂದುಮುಂದಾಗಿ ಓಡಿಸಿದರೆ ನವಿಲು ತಿರುಗುತ್ತದೆ. ಆಗ ಇಳಿಯುವ ನವಿಲೂ ಹತ್ತುವ ನವಿಲೂ ಒಂದು ಕಡೆ ಎದುರಾಗುತ್ತವೆ. ಅಲ್ಲಿಗೆ ಒಂದು ತಾವರೆ ಇಡಬಹುದೇ? ಪಾಲುದಾರಳು ಮಗ್ಗದ ಪಕ್ಕದ ಗೋಣಿಚೀಲದ ಮೇಲೆ ಕೂತೇ ತಾವರೆ ಬರೆದಳು.

"ಇವೆರಡೂ ಯಾಕಮ್ಮಾ ಮೂತಿ ನೋಡ್ಕೊಂಡು ನಿಂತಿರೋದು?" ಎಂದರು ಮಾಲೀಕರು, ಇನ್ನೂ ಗಡಸಾಗಿಯೇ.

"ರಾಜಿಯಾಗಿವೆ ಮಾಮಾ. ತವರಿಗೆ ಹೊರಟವಳನ್ನ ಗಂಡ ಅರ್ಧ ದಾರೀಲಿ ಹಿಡ್ಕೊಂಡವ್ನೆ."

ಒಳಗಿನಿಂದ ಮಾಲೀಕರ ಹೆಂಡತಿ, "ಹಾಗಾದ್ರೆ ಅದ್ರಲ್ಲಿ ಒಂದು ಸೀರೆ ನನಗೆ ದಾನ್. ನನ್ನ ಹಿಂದೆ ಯಾರೂ ಬರ್ಲಿಲ್ಲ, ಸೀರೇಲಾದ್ರೂ ಬರ್ಲಿ!" ಎಂದರು. ಮಾಲೀಕರು ನಗದಿರಲು ಬಹಳ ಪ್ರಯತ್ನಪಟ್ಟರು.

ಅವರು ಆ ನಾಲ್ಕು ಸೀರೆಯನ್ನಷ್ಟೇ ಒಪ್ಪಿದರು. ಮುಂದಿನದೆಲ್ಲ ಸರಿಯಾದ ನವಿಲೇ ಬೇಕು ಎಂದರು, ಮುಂದಿನ ಕೆಲಸವನ್ನೂ ನಮಗೇ ಕೊಟ್ಟರು. ಸೋಮವಾರ ನಾನು ನೇಮಕದ ಪತ್ರವನ್ನು ಅಕ್ಕನ ಕೈಗಿಟ್ಟೆ, ಈ ಸಲ ತಮಿಳಿನಲ್ಲಿ. ಅವರು ಎರಡು ಸಲ ಓದಿ, "ಅಳಗು ಕಮ್ಮಿ, ವಿಷಯ ಚೆನ್ನಾಗಿದೆ" ಎಂದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಪಕ್ಕದ ಮನೆಯವಳಿಗೆ ಫೋನ್ ಮಾಡಿ, "ಇನ್ಮೇಲೆ ಆ ಜಾಗ ನಿಂದೇ ಕಣಮ್ಮಾ, ಕುಂಚ ಗಟ್ಟಿಯಾಗಿ ಹಿಡಿ" ಎಂದರು. ತಿರುಗಿದಾಗ ಏಳು ಗುರುಗಳೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಈಗ ಪ್ರತಿ ಹೊಸ ವಿನ್ಯಾಸಗಾರನೂ ಮೊದಲ ವಾರ ಕಂಪ್ಯೂಟರ್ ಮುಟ್ಟುವಂತಿಲ್ಲ. ಬೇರೆ ಬೇರೆ ಊರಿನ ಮಗ್ಗಗಳ ಪಕ್ಕ ಕೂತು, ಯಾವ ತುದಿ ಮೊದಲು ಎಂದು ಕೇಳಿ ಬರಬೇಕು. ಅಕ್ಕ ತಮ್ಮ ಕೆಳಗೆ ಇಬ್ಬರನ್ನು ತಯಾರು ಮಾಡಿದ್ದಾರೆ. ಅವರಲ್ಲೊಬ್ಬಳು, ತಪ್ಪಿಲ್ಲದೆ ಎಂದೂ ಮುಗಿಸದವಳು, ಈಗ ಬೇರೆಯವರು ಮುಗಿಸುವಂತೆ ನೋಡಿಕೊಳ್ಳುತ್ತಾಳೆ.

ಈ ಬರಹಕ್ಕೆ ಕೂತಾಗ ಒಂದು ಸಂಶಯ ಉಳಿದಿತ್ತು. ನವಿಲಿನ ಕತೆ ಸುಖವಾಗಿ ಮುಗಿಯಿತು ಎಂದು ತಿಳಿದ ಮೇಲೆ ನಾನು ಪತ್ರ ಬರೆದೆನೋ, ಮೊದಲೇ ಬರೆದೆನೋ? ಮೊದಲೇ ಎನ್ನುತ್ತದೆ ನನ್ನ ನೆನಪು. ತಪ್ಪನ್ನು ಎಲ್ಲರಿಗಿಂತ ಮೊದಲು ಕಂಡು, ಎಲ್ಲರಿಗಿಂತ ಮೊದಲು ಹೇಳಿದವರನ್ನು ಬಿಟ್ಟುಕೊಡಬಾರದು ಎಂದು ಆಗಲೇ ಅನ್ನಿಸಿತ್ತು ಎನ್ನುತ್ತದೆ. ಆದರೆ ಅದೇ ನೆನಪು ನನ್ನನ್ನು ಅವಿನಾಶಿಯ ಹಸಿರು ಪಟ್ಟಡಿಯಲ್ಲೂ ನಿಲ್ಲಿಸುತ್ತದೆ. ನೀನು ಅಲ್ಲಿಗೆ ಬರಲೇ ಇಲ್ಲ, ನಾವಿಬ್ಬರೇ ಹೋದದ್ದು, ಪಟ್ಟಡಿ ನೀಲಿ ಎಂದು ಪಾಲುದಾರಳು ಹೇಳುತ್ತಾಳೆ. ನಾನು ಅಲ್ಲಿದ್ದೆ ಎಂಬುದೂ, ಇಲ್ಲಿ ಕೂತು ಮೊದಲೇ ಪತ್ರ ಬರೆದೆ ಎಂಬುದೂ ಎರಡೂ ನಿಜವಾಗಲು ಸಾಧ್ಯವಿಲ್ಲ. ಮೊನ್ನೆ ಕುರಿಚಿಯ ಮೇಜಿನ ಮೇಲಿನ ನನ್ನ ಹಳೆಯ ಕಂಪ್ಯೂಟರ್ ತೆರೆದು ಆ ಪತ್ರದ ಕಡತ ಹುಟ್ಟಿದ ಹೊತ್ತು ನೋಡಿದೆ. ಎಲ್ಲ ಸರಿಹೋಯಿತು ಎಂದು ಹೇಳಲು ಅವರಿಬ್ಬರೂ ಅವಿನಾಶಿಯಿಂದ ನನಗೆ ಫೋನ್ ಮಾಡಿದ್ದು ಸಂಜೆ ಐದೂ ಇಪ್ಪತ್ತಕ್ಕೆ. ಆ ಕರೆಯ ಹೊತ್ತು ಪಾಲುದಾರಳ ಫೋನಿನಲ್ಲಿ ಇನ್ನೂ ಇದೆ. ಪತ್ರ ಹುಟ್ಟಿದ್ದು ಅದೇ ಗುರುವಾರ, ಕುರಿಚಿಯಲ್ಲಿ, ಮಧ್ಯಾಹ್ನ ಮೂರೂ ಹನ್ನೆರಡಕ್ಕೆ.